ಕುಡಿತ ಬಿಡಿಸಲು ಕೊಡುವ ಹಣ: ಎಲ್ಲಿಗೆ, ಯಾರಿಗೆ, ಎಷ್ಟು?



ನಮ್ಮ ಸಭೆಗಳಲ್ಲಿ ಎಣ್ಣೆ ದರ, ಗ್ಯಾಸ್ ದರ, ಜಿಎಸ್‌ಟಿ, ಕೆಲಸಗಾರರ ಕೊರತೆ ಈ ನಾಲ್ಕು ವಿಷಯಗಳು ತಪ್ಪದೆ ಬರುತ್ತವೆ. ಕೆಲಸಕ್ಕೆ ಜನ ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತೇವೆ. ಇದ್ದ ಒಳ್ಳೆಯ ಕೆಲಸಗಾರ ಯಾಕೆ ಹೋದ ಎಂದು ಯಾರಾದರೂ ಕೇಳಿದರೆ ಮಾತ್ರ, "ಅವನಿಗೆ ಅಭ್ಯಾಸ ಇತ್ತು" ಎಂದು ಅಲ್ಲಿಗೇ ಮಾತು ಮುಗಿಸುತ್ತೇವೆ.

ಈ ಲೇಖನ ಆ ಅಭ್ಯಾಸದ ಬಗ್ಗೆ. ಕುಡಿಯಬೇಡಿ ಎಂದು ಉಪದೇಶ ಮಾಡಲು ಬರೆಯುತ್ತಿಲ್ಲ. ಉಪದೇಶಕ್ಕೆ ನಾವು ಯೋಗ್ಯರೂ ಅಲ್ಲ, ಅದರ ಕಾರಣವನ್ನು ಕೊನೆಯಲ್ಲಿ ಹೇಳುತ್ತೇವೆ. ಕುಡಿತ ಬಿಡಲು ತಜ್ಞರ ಸಹಾಯಕ್ಕೆ ಹಣ ಖರ್ಚು ಮಾಡಬೇಕಾಗಿ ಬಂದಾಗ ಆ ಹಣ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂಬ ಲೆಕ್ಕ ಇಲ್ಲಿದೆ. ಇದನ್ನು ಕಲಿಯಲು ನಾವು ಎರಡು ತಪ್ಪು ಮಾಡಿದ್ದೇವೆ. ಒಂದರಲ್ಲಿ ಒಬ್ಬರ ಜೀವ ಹೋಗುವುದರಲ್ಲಿತ್ತು. ಇನ್ನೊಂದರಲ್ಲಿ ಅರವತ್ತು ಸಾವಿರ ಹೋಯಿತು.

ಮೊದಲ ತಪ್ಪು: ಆಣೆ ಮಾಡಿಸಿದ್ದು

ನಮ್ಮದು ಹೈದರಾಬಾದಿನ ಕುಷಾಯಿಗೂಡದಲ್ಲಿ ಒಂದು ಸಾಧಾರಣ ಉಡುಪಿ ಹೋಟೆಲ್. ಇಸಿಐಎಲ್ ಕಡೆಯ ನೌಕರರು, ಚೆರ್ಲಪಲ್ಲಿ ಕೈಗಾರಿಕಾ ಪ್ರದೇಶಕ್ಕೆ ಹೋಗುವವರು ಬೆಳಗಿನ ತಿಂಡಿಗೆ ಬರುತ್ತಾರೆ. ದೋಸೆ ಕಾವಲಿಯಲ್ಲಿ ಹದಿನಾಲ್ಕು ವರ್ಷದಿಂದ ಕುಂದಾಪುರ ಕಡೆಯ ಒಬ್ಬರೇ ಮಾಸ್ಟರ್. ಅವರ ದೋಸೆಗಾಗಿಯೇ ಬರುವ ಗಿರಾಕಿಗಳಿದ್ದಾರೆ. ರಾತ್ರಿ ಹತ್ತೂವರೆಗೆ ಕಾವಲಿ ಒರೆಸಿ, ನೇರ ವೈನ್ಸ್ ಅಂಗಡಿಯ ಪರ್ಮಿಟ್ ರೂಮಿಗೆ ಹೋಗುತ್ತಿದ್ದರು. ಮೊದಮೊದಲು ಬಟವಾಡೆ ದಿನ ಮಾತ್ರ, ಆಮೇಲೆ ದಿನವೂ, ಕೊನೆಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಕ್ವಾರ್ಟರ್ ಬೇಕಾಯಿತು.

2022ರ ದಸರಾ ಕಳೆದ ಮೇಲೆ ನಾವು ಅವರನ್ನು ಗಲ್ಲಾದ ಹಿಂದಿನ ದೇವರ ಪಟದ ಎದುರು ನಿಲ್ಲಿಸಿ, "ಮಾಸ್ಟ್ರೇ, ಇವತ್ತಿನಿಂದ ಒಂದು ಹನಿ ಮುಟ್ಟಿದರೂ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತೇವೆ" ಎಂದು ಆಣೆ ಮಾಡಿಸಿದೆವು. ಅವರು ಮಾತು ಉಳಿಸಿಕೊಂಡರು. ಮರುದಿನ ಬೆಳಿಗ್ಗೆ ಹಿಟ್ಟು ಹೊಯ್ಯುವಾಗ ಕೈ ನಡುಗಿ ದೋಸೆ ಹರಿಯಿತು. ಬೆವರು, ವಾಂತಿ, ರಾತ್ರಿ ನಿದ್ದೆಯಿಲ್ಲ. "ಎರಡು ದಿನದಲ್ಲಿ ಸರಿಯಾಗುತ್ತದೆ, ಗಟ್ಟಿ ಮನಸ್ಸು ಮಾಡಿ" ಎಂದೆವು. ಆ ದಿನ ರಾತ್ರಿ ಗ್ರೈಂಡರ್ ಪಕ್ಕದಲ್ಲಿ ಫಿಟ್ಸ್ ಬಂದು ಬಿದ್ದರು. ಗ್ರೈಂಡರ್ ಆಫ್ ಇದ್ದದ್ದು ಅವರ ಪುಣ್ಯ, ನಮ್ಮ ಪುಣ್ಯ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ದಿನವೂ ಕುಡಿಯುವವರನ್ನು ಒಮ್ಮೆಗೇ ನಿಲ್ಲಿಸಲು ಹೇಳಿದವರು ಯಾರು?" ನಾವು ಒಳ್ಳೆಯದು ಮಾಡಿದೆವೆಂದು ತಿಳಿದಿದ್ದೆವು. ತಲೆ ಎತ್ತಲಾಗಲಿಲ್ಲ.

ಒಮ್ಮೆಗೇ ನಿಲ್ಲಿಸಿದರೆ ಏನಾಗುತ್ತದೆ?

ಡಾಕ್ಟರು ತಿಳಿಸಿದ್ದನ್ನು ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇವೆ. ಮದ್ಯ ಮೆದುಳನ್ನು ಮಂಕು ಮಾಡುತ್ತದೆ. ದಿನವೂ ಕುಡಿಯುವವರ ಮೆದುಳು ಆ ಮಂಕಿನಲ್ಲೂ ಕೆಲಸ ಮಾಡಲು ಒಳಗಿನಿಂದ ಒತ್ತಡ ಹೆಚ್ಚಿಸಿಕೊಳ್ಳುತ್ತದೆ. ಕುಡಿತ ಒಮ್ಮೆಗೇ ನಿಂತಾಗ ಮೇಲಿನ ಭಾರ ಹೋಗುತ್ತದೆ, ಒಳಗಿನ ಒತ್ತಡ ಹಾಗೇ ಇರುತ್ತದೆ. ಉರಿಯುವ ಒಲೆಯ ಮೇಲೆ ಕುಕ್ಕರಿನ ಮುಚ್ಚಳ ಒಮ್ಮೆಗೇ ತೆಗೆದ ಹಾಗೆ.

ಸುಮಾರು 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಗಾಬರಿ ಶುರುವಾಗುತ್ತದೆ. ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಬುದ್ಧಿ ಭ್ರಮಣೆಯಾಗಿ ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ. ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೆ ಅಪಾಯ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುವವರು, ಹಿಂದೆ ಫಿಟ್ಸ್ ಬಂದವರು ಡಾಕ್ಟರನ್ನು ಕಾಣದೆ ಒಮ್ಮೆಗೇ ನಿಲ್ಲಿಸಬಾರದು. ಫಿಟ್ಸ್ ಬಂದರೆ, ಮಾತು ತಪ್ಪಿದರೆ ಕೂಡಲೇ 108ಕ್ಕೆ ಫೋನ್ ಮಾಡಬೇಕು.

2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಒಮ್ಮೆಗೇ ಮುಚ್ಚಿದಾಗ ಇದನ್ನು ಇಡೀ ದೇಶ ಕಂಡಿತು. ನಮ್ಮ ಹೈದರಾಬಾದಿನಲ್ಲಿ ಎರ್ರಗಡ್ಡ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಇಂತಹ ರೋಗಿಗಳು ಸಾಲುಗಟ್ಟಿ ಬಂದರು. ಕೇರಳ ಸರ್ಕಾರ ಡಾಕ್ಟರ ಚೀಟಿ ಇದ್ದವರಿಗೆ ಮದ್ಯ ಕೊಡಲು ಆದೇಶ ಹೊರಡಿಸಿತು. ಡಾಕ್ಟರುಗಳೇ ಅದನ್ನು ವಿರೋಧಿಸಿದರು. ಆ ವರ್ಷ ಏಪ್ರಿಲ್ 2ರಂದು ಕೇರಳ ಹೈಕೋರ್ಟು ತಡೆ ಕೊಟ್ಟಿತು. ಈ ತೊಂದರೆಗೆ ಬೇಕಾದದ್ದು ಬಾಟಲಿಯೂ ಅಲ್ಲ, ಆಣೆಯೂ ಅಲ್ಲ, ಚಿಕಿತ್ಸೆ.

ಎರಡನೇ ತಪ್ಪು: ಮುಂಗಡ ಕಟ್ಟಿದ್ದು

ಆಸ್ಪತ್ರೆಯಿಂದ ಬಂದ ಮಾಸ್ಟರು ತಿಂಗಳೊಳಗೆ ಮತ್ತೆ ಶುರು ಮಾಡಿದರು. ಪರಿಚಯದವರೊಬ್ಬರು ಊರ ಹೊರವಲಯದ ಒಂದು ಕೇಂದ್ರದ ಹೆಸರು ಹೇಳಿದರು. "ಮೂರು ತಿಂಗಳು, ಗ್ಯಾರಂಟಿ" ಎಂದರು. ಅರವತ್ತು ಸಾವಿರ ಮುಂಗಡ ಕಟ್ಟಿದೆವು. ರಸೀದಿ ಕೇಳಿದರೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರು. ಒಂದು ತಿಂಗಳು ಯಾರೂ ನೋಡಲು ಬರಬಾರದು ಎಂದರು, ಅದಕ್ಕೂ ಒಪ್ಪಿದೆವು.

ಇಪ್ಪತ್ತನೇ ದಿನ ಮಾಸ್ಟರ ಹೆಂಡತಿ ಊರಿನಿಂದ ಫೋನ್ ಮಾಡಿ, "ಅಣ್ಣಾ, ಒಂದ್ಸಲ ಅವರ ಧ್ವನಿ ಕೇಳಿಸಿ" ಎಂದು ಅತ್ತರು. ಹೋಗಿ ನೋಡಿದರೆ ಒಂದು ಹಾಲ್, ಹೊರಗಿನಿಂದ ಬೀಗ, ಒಳಗೆ ಇಪ್ಪತ್ತು ಜನ. ಡಾಕ್ಟರು ಯಾವ ದಿನ ಬರುತ್ತಾರೆ ಎಂದರೆ ಉತ್ತರವಿಲ್ಲ. ಮಾಸ್ಟರ ಬೆನ್ನ ಮೇಲೆ ಬಾಸುಂಡೆ ಇತ್ತು. ಅದೇ ಆಟೋದಲ್ಲಿ ಕರೆದುಕೊಂಡು ಬಂದೆವು. ಹಣ ಒಂದು ರೂಪಾಯಿ ವಾಪಸ್ ಬರಲಿಲ್ಲ.

ಆಮೇಲೆ ತಿಳಿದುಕೊಂಡದ್ದು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದಿಂದ ಬರುವ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದೆ. ಈ ಚಿಕಿತ್ಸೆಗೆ ಜನರನ್ನು ಸೇರಿಸಿಕೊಳ್ಳುವ ಕೇಂದ್ರ ನೋಂದಣಿಯಾಗಿರಬೇಕು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ಮಾಲೀಕ ಎಂಬ ಕಾರಣಕ್ಕೆ ಕೆಲಸಗಾರನನ್ನು ಕೂಡಿಹಾಕಿಸುವ ಅಧಿಕಾರ ನಮಗಿಲ್ಲ.

ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು:

1. ಕೇಂದ್ರದ ನೋಂದಣಿ ಪತ್ರ ತೋರಿಸುತ್ತೀರಾ?
2. ಮನೋರೋಗ ತಜ್ಞರು ಯಾರು, ಯಾವ ಯಾವ ದಿನ ಬರುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ?
3. ಲಿವರ್, ಸಕ್ಕರೆ, ಬಿಪಿ ಪರೀಕ್ಷೆ ಮಾಡುತ್ತೀರಾ?
4. ಮನೆಯವರು ಯಾವಾಗ ನೋಡಬಹುದು, ಮಾತಾಡಬಹುದು?
5. ವಾರದ ಲೆಕ್ಕದಲ್ಲಿ ಹಣ ಕಟ್ಟಬಹುದೇ? ಮಧ್ಯೆ ಬಿಟ್ಟರೆ ಉಳಿದದ್ದು ವಾಪಸ್ ಕೊಡುತ್ತೀರಾ?
6. ಬಿಡುಗಡೆಯಾದ ಮೇಲೆ ಒಂದು ವರ್ಷ ಯಾರು ನೋಡಿಕೊಳ್ಳುತ್ತಾರೆ?

"ಗ್ಯಾರಂಟಿ" ಎಂಬ ಮಾತು ಬಂದರೆ ಎದ್ದು ಬನ್ನಿ. ಒಳ್ಳೆಯ ಡಾಕ್ಟರು ಆ ಮಾತು ಆಡುವುದಿಲ್ಲ.

ಪುಡಿ, ಹನಿಗಳ ವಿಷಯ

"ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ" ಎಂಬ ಜಾಹೀರಾತುಗಳನ್ನು ನೀವು ನೋಡಿರುತ್ತೀರಿ. ಊಟ ಹಾಕುವುದೇ ಕಸುಬಾದ ನಮಗೆ ಇದು ಸುಲಭ ಎನಿಸುತ್ತದೆ. ದಯವಿಟ್ಟು ಮಾಡಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ. ಅದನ್ನು ನುಂಗಿದವರು ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು ಬಿಪಿ ಇಳಿಯುತ್ತದೆ, ಪ್ರಾಣವೂ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪರಿಣಾಮ ಉಳಿಯಬಹುದು. ಡಾಕ್ಟರು ರೋಗಿಗೆ ಎಲ್ಲ ತಿಳಿಸಿ, ಒಪ್ಪಿಗೆ ಪಡೆದು, ಲಿವರ್, ಹೃದಯ ನೋಡಿ ಕೊಡುವ ಔಷಧಿ ಅದು. ಹೆಸರೇ ಇಲ್ಲದ ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು? ನಮ್ಮ ತಟ್ಟೆಯನ್ನು ನಂಬಿ ಉಣ್ಣುವವರಿಗೆ ಗುಟ್ಟಾಗಿ ಏನನ್ನೂ ಬೆರೆಸಬಾರದು. ಅದು ನಮ್ಮ ಕಸುಬಿನ ಧರ್ಮ.

ಹಾಗಾದರೆ ಹಣ ಕೊಡುವುದು ಯಾವುದಕ್ಕೆ?

ನಾಲ್ಕು ಭಾಗಗಳಿವೆ.

ಒಂದು, ಮೊದಲ ವಾರ. ನಡುಕ, ಫಿಟ್ಸ್ ತಡೆಯಲು ಡಾಕ್ಟರು ಲೆಕ್ಕ ಹಾಕಿ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾರೆ. ಊಟ ಬಿಟ್ಟು ಕುಡಿಯುವವರಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ, ಅದರ ಇಂಜೆಕ್ಷನ್ ಬೇಕಾಗುತ್ತದೆ. ಬಿ1 ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮೆದುಳಿಗೆ ಹಾನಿಯಾಗಬಹುದು. ಇದು ಬೀದಿ ಕ್ಲಿನಿಕ್‌ನಲ್ಲಿ ಆಗುವ ಕೆಲಸವಲ್ಲ.

ಎರಡು, ಆಸೆ ತಗ್ಗಿಸುವ ಔಷಧಿ. ನಾಲ್‌ಟ್ರೆಕ್ಸೋನ್, ಅಕಾಂಪ್ರೋಸೇಟ್ ಮುಂತಾದವು. ಯಾರಿಗೆ ಯಾವುದು ಎಂದು ಹೇಳಬೇಕಾದವರು ಡಾಕ್ಟರು.

ಮೂರು, ಆಪ್ತ ಸಲಹೆ. ಯಾವ ಹೊತ್ತಿಗೆ, ಯಾರ ಜೊತೆ, ಯಾವ ಬೇಸರಕ್ಕೆ ಕೈ ಬಾಟಲಿಗೆ ಹೋಗುತ್ತದೆ ಎಂದು ಕೂತು ಮಾತಾಡಿಸುವುದು. ಮನೆಯವರೂ ಬೇಕು. ಚೆನ್ನೈನಲ್ಲಿ ಶಾಂತಿ ರಂಗನಾಥನ್ ಅವರು ಗಂಡನನ್ನು ಕುಡಿತದಿಂದ ಕಳೆದುಕೊಂಡ ಮೇಲೆ 1980ರಲ್ಲಿ ಟಿ.ಟಿ. ರಂಗನಾಥನ್ ಹೆಸರಿನ ಸಂಸ್ಥೆ ಕಟ್ಟಿದರು. ಅಲ್ಲಿ ರೋಗಿಯ ಜೊತೆ ಮನೆಯವರಿಗೂ ಕಾರ್ಯಕ್ರಮವಿದೆ. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಾಲ್ಕು, ಒಂದು ವರ್ಷದ ಹಿಂಬಾಲಿಕೆ. ಹೆಚ್ಚು ಜನ ಸೋಲುವುದು ಇಲ್ಲಿ. ವಾರ್ಡಿನಲ್ಲಿದ್ದಾಗ ಬಿಡುವುದು ಸುಲಭ, ರಾತ್ರಿ ಹತ್ತೂವರೆಗೆ ವೈನ್ಸ್ ಅಂಗಡಿ ದಾಟಿ ರೂಮಿಗೆ ಹೋಗುವುದು ಕಷ್ಟ. ನಾವು ಮೊದಲ ವಾರಕ್ಕೆ ದೊಡ್ಡ ಹಣ ಕೊಟ್ಟು ಉಳಿದ ಐವತ್ತೊಂದು ವಾರ ಮರೆತುಬಿಡುತ್ತೇವೆ.

ಎಲ್ಲಿ ಹೋಗಬಹುದು?

ಹೈದರಾಬಾದಿನಲ್ಲಿ ಎರ್ರಗಡ್ಡದ ಸರ್ಕಾರಿ ಆಸ್ಪತ್ರೆ, ಸಿಕಂದರಾಬಾದಿನ ಗಾಂಧಿ ಆಸ್ಪತ್ರೆಯ ಮನೋರೋಗ ವಿಭಾಗ ಇವೆ. ಇಎಸ್‌ಐ ಕಾರ್ಡ್ ಇರುವ ಕೆಲಸಗಾರರು ಮೊದಲು ಇಎಸ್‌ಐ ಆಸ್ಪತ್ರೆಯಲ್ಲಿ ಕೇಳಬೇಕು, ತಿಂಗಳು ತಿಂಗಳು ವಂತಿಗೆ ಕಟ್ಟುತ್ತೇವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಬಡವರಿಗೆ ರಿಯಾಯಿತಿಯೂ ಇದೆ.

ಕರಾವಳಿಯವರಿಗೆ ಊರಿನ ಕಡೆಯೇ ಅನುಕೂಲವಿದೆ. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಮಣಿಪಾಲದ ಆಸ್ಪತ್ರೆ ಇವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿ ಹಳ್ಳಿಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳಲ್ಲಿ ಸೇರಿಸಿ ಹಿಂಬಾಲಿಸುವುದು ಅವರ ಕ್ರಮ. ಫಿಟ್ಸ್ ಬಂದವರು ಶಿಬಿರಕ್ಕೆ ಮೊದಲು ಡಾಕ್ಟರಿಗೆ ತೋರಿಸಿಕೊಳ್ಳುವುದು ಲೇಸು.

ಹಣವೇ ಬೇಡದ್ದೂ ಇದೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಂಘದ ಸಭೆಗಳಿಗೆ ಶುಲ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416, ಎರಡೂ ಉಚಿತ.

ಇನ್ಶೂರೆನ್ಸ್ ಇದೆ ಎಂದು ಧೈರ್ಯವಾಗಿ ಇರಬೇಡಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದರೂ ಮದ್ಯವ್ಯಸನದ ಚಿಕಿತ್ಸೆಯನ್ನು ಹೊರಗಿಟ್ಟ ಪಾಲಿಸಿಗಳು ಬಹಳ. ಪಾಲಿಸಿಯಲ್ಲಿ ಏನೇನು ಸೇರಿಲ್ಲ ಎಂಬ ಪಟ್ಟಿಯನ್ನು ಮೊದಲೇ ಓದಿಕೊಳ್ಳಿ.

ನಮ್ಮ ಲೆಕ್ಕ

ಮೂರನೇ ಸಲ ನಾವು ಮಾಸ್ಟರನ್ನೇ ಕೇಳಿದೆವು, "ಎಲ್ಲಿಗೆ ಹೋಗ್ತೀರಿ?" ಅವರು ಹೇಳಿದ್ದು: "ಊರಿಗೆ ಕಳಿಸಿ ಯಜಮಾನ್ರೇ. ಇಲ್ಲಿ ತೆಲುಗು, ಹಿಂದಿಯಲ್ಲಿ ಕೇಳ್ತಾರೆ. ಒಳಗಿನ ಮಾತು ಆ ಭಾಷೆಯಲ್ಲಿ ಬರುದಿಲ್ಲ." ಹದಿನಾಲ್ಕು ವರ್ಷದಲ್ಲಿ ಇದು ನಮಗೆ ಹೊಳೆದಿರಲಿಲ್ಲ. ಕಾಚಿಗುಡದಿಂದ ಮಂಗಳೂರು ರೈಲು ಹತ್ತಿಸಿದೆವು. ಊರ ಹತ್ತಿರದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಹೆಂಡತಿ ದಿನವೂ ಹೋಗಿ ಬಂದರು.

ವಾರ್ಡು, ಪರೀಕ್ಷೆ, ಔಷಧಿ ಸೇರಿ: 26,400 ರೂ.
ಪ್ರಯಾಣ: 3,600 ರೂ.
ಒಂದು ವರ್ಷದ ಔಷಧಿ, ಡಾಕ್ಟರ ಫೀಸು, ತಿಂಗಳಿಗೆ 1,500ರಂತೆ: 18,000 ರೂ.
ಒಟ್ಟು: 48,000 ರೂ.

ಇನ್ನು ಚಿಕಿತ್ಸೆ ಮಾಡಿಸದೆ ಕಳೆದ ಹಿಂದಿನ ವರ್ಷದ ಲೆಕ್ಕ. ಹಾಜರಿ ಪುಸ್ತಕ ತೆಗೆದು ನೋಡಿದರೆ ಮಾಸ್ಟರು 71 ದಿನ ಬಂದಿರಲಿಲ್ಲ. ಬದಲಿ ಆಳಿಗೆ ದಿನಕ್ಕೆ 1,200ರಂತೆ 85,200 ರೂ. ಕೊಟ್ಟಿದ್ದೆವು. ಹುಳಿಯಾಗಿ ಚೆಲ್ಲಿದ ಹಿಟ್ಟು, ದೋಸೆ ಸರಿಯಿಲ್ಲವೆಂದು ಎದ್ದು ಹೋದ ಗಿರಾಕಿ ಇದರಲ್ಲಿ ಸೇರಿಲ್ಲ. ಇದು ನಮ್ಮೊಂದು ಹೋಟೆಲಿನ ಲೆಕ್ಕ, ನಿಮ್ಮದು ಬೇರೆ ಇರಬಹುದು. ಒಮ್ಮೆ ಪುಸ್ತಕ ತೆಗೆದು ನೋಡಿ. ನಾವು ಆಗಲೇ ಹಣ ಕಟ್ಟುತ್ತಿದ್ದೆವು, ಕಟ್ಟುತ್ತಿದ್ದದ್ದು ಕುಡಿತಕ್ಕೆ.

ಹಣ ಕೊಡುವ ಕ್ರಮ

1. ಹಣವನ್ನು ಆಸ್ಪತ್ರೆಗೇ ಕಟ್ಟಿ, ರಸೀದಿ ಪಡೆಯಿರಿ. ಕೈಗೆ ನಗದು ಬೇಡ.
2. ಕೆಲಸಗಾರನ ಪಾಲೂ ಸ್ವಲ್ಪ ಇರಲಿ. ನಾವು ಪೂರ್ತಿ ಕೊಡುತ್ತೇವೆಂದಾಗ ಮಾಸ್ಟರು, "ನನ್ನ ದುಡ್ಡೂ ಇರಲಿ, ಇಲ್ಲಾಂದ್ರೆ ಅದು ನಿಮ್ಮ ಔಷಧಿ ಆಗ್ತದೆ, ನಂದಲ್ಲ" ಎಂದರು. ಅರ್ಧ ಹೋಟೆಲಿನ ಖರ್ಚು, ಅರ್ಧ ಅವರದು, ತಿಂಗಳಿಗೆ ಸಾವಿರದಂತೆ ಎಂದು ಬರೆದುಕೊಂಡೆವು. ಇದನ್ನು ಕೆಲಸ ಬಿಡದಂತೆ ಕಟ್ಟಿಹಾಕುವ ಅಡ್ವಾನ್ಸ್ ಮಾಡಬೇಡಿ.
3. ಸಂಬಳದಲ್ಲಿ ಇಷ್ಟು ಭಾಗ ಮನೆಯವರ ಖಾತೆಗೆ ಹೋಗಲಿ ಎಂದು ಅವರೇ ಹೇಳಿದರೆ ಮಾತ್ರ ಹಾಗೆ ಮಾಡಿ.
4. ವಿಷಯ ಗಲ್ಲಾದಿಂದ ಮೋರಿಯವರೆಗೆ ಹರಡಬಾರದು. "ರಜೆಯ ಮೇಲೆ ಊರಿಗೆ ಹೋಗಿದ್ದಾರೆ" ಎಂದರೆ ಸಾಕು.

ಕೆಲಸಕ್ಕೆ ಬಂದ ಮೇಲೆ

ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ. ಡಾಕ್ಟರು ಸರಿ ಎನ್ನುವವರೆಗೆ ಕಾವಲಿ, ಬಾಣಲೆ, ಗ್ರೈಂಡರ್ ಬೇಡ. ನಾವು ಮಾಸ್ಟರನ್ನು ಎರಡು ವಾರ ಸ್ಟೋರ್ ಲೆಕ್ಕಕ್ಕೆ ಹಾಕಿದೆವು. ಸಾಧ್ಯವಾದರೆ ಬೆಳಗಿನ ಪಾಳಿ ಕೊಟ್ಟು, ವೈನ್ಸ್ ತೆರೆದಿರುವ ಹೊತ್ತಿಗೆ ಅವರು ರೂಮಿನಲ್ಲಿ ನಿದ್ದೆ ಮಾಡುವಂತೆ ಮಾಡಿ.

ಕೇಟರಿಂಗ್ ಮಾಡುವವರಿಗೆ ಒಂದು ವಿಶೇಷ ಮಾತು. ಆರ್ಡರ್ ಮುಗಿದ ಮೇಲೆ ಪಾರ್ಟಿಯವರು ಖುಷಿಯಿಂದ ಹುಡುಗರಿಗೆ ಬಾಟಲಿ ಕೊಡುತ್ತಾರೆ. 2023ರಲ್ಲಿ ಒಂದು ರಿಸೆಪ್ಷನ್ ಆರ್ಡರಿನಲ್ಲಿ ನಮ್ಮ ಮಾಸ್ಟರು ಜಾರಿದ್ದು ಹಾಗೆಯೇ. ಕಳಿಸಿದವರು ನಾವು, ಜನ ಕಡಿಮೆಯೆಂದು. ಬೈಯಲಿಲ್ಲ. ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಹಚ್ಚಿ ಕೊಟ್ಟೆವು. ಮೂರು ದಿನ ರಜೆ, ಮತ್ತೆ ಔಷಧಿ. ಜಾರಿದ್ದು ಈ ಕಾಯಿಲೆಯಲ್ಲಿ ಆಗುವಂಥದ್ದು, ಅದೇ ದಿನ ಚಿಕಿತ್ಸೆಗೆ ಮರಳಿದರೆ ಮಾಡಿದ ಖರ್ಚು ನೀರಿಗೆ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಈಗ ನಮ್ಮ ಆರ್ಡರ್ ಪುಸ್ತಕದಲ್ಲಿ "ಕೆಲಸಗಾರರಿಗೆ ಮದ್ಯ ಕೊಡಬಾರದು" ಎಂದು ಅಚ್ಚು ಹಾಕಿಸಿದ್ದೇವೆ. ಅದಾದ ಮೇಲೆ ಮಾಸ್ಟರು ಮುಟ್ಟಿಲ್ಲ. ನಾಳೆಯ ಮಾತು ಅವರೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಕೊನೆಯದಾಗಿ, ನಮ್ಮ ವಿಷಯ

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಮದ್ಯದ ತೊಂದರೆಗೆ ಸಹಾಯ ಬೇಕು. ಮದ್ಯವ್ಯಸನಿಗಳಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಲ್ಲಿ ಕೆಲಸಗಾರರು ಮಾತ್ರ ಇರುತ್ತಾರೆಯೇ? ಗಲ್ಲಾದ ಮೇಲೆ ಕೂತವರೂ ಇರುತ್ತಾರೆ.

ಮಾಸ್ಟರನ್ನು ನೋಡಲು ಊರಿಗೆ ಹೋದಾಗ ಆಪ್ತ ಸಲಹೆಗಾರರು ನಮ್ಮ ಕೈಗೂ ಒಂದು ಹಾಳೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಪಟ್ಟಿ, ಆಡಿಟ್ ಎಂದು ಹೆಸರು. 8 ಅಥವಾ ಹೆಚ್ಚು ಅಂಕ ಬಂದರೆ ಎಚ್ಚರಿಕೆ, 20 ಅಥವಾ ಹೆಚ್ಚು ಬಂದರೆ ಬಲವಾದ ಅನುಮಾನ. ಹಣ ಎಣಿಸುವ ಜನ ನಾವು, ಪ್ರಾಮಾಣಿಕವಾಗಿ ಎಣಿಸಿದೆವು. 11 ಬಂತು. ರಾತ್ರಿ ಲೆಕ್ಕ ಮುಗಿಸಿ ಮನೆಯಲ್ಲಿ ಎರಡು ಪೆಗ್, ಆದಿತ್ಯವಾರ ನಾಲ್ಕು. ಅದನ್ನು ನಾವು ಸುಸ್ತು ಕಳೆಯುವುದು ಎಂದು ಕರೆಯುತ್ತಿದ್ದೆವು. ಮಾಸ್ಟರದ್ದನ್ನು ಮಾತ್ರ ಅಭ್ಯಾಸ ಎನ್ನುತ್ತಿದ್ದೆವು. ನಾವೂ ಡಾಕ್ಟರಿಗೆ ಫೀಸು ಕೊಟ್ಟು ಎದುರು ಕುರ್ಚಿಯಲ್ಲಿ ಕೂತೆವು. ಆರು ಸಲ ಹೋದೆವು. ಹೋಟೆಲಿಗೆ ಮಾಡಿದ ಯಾವ ಖರ್ಚಿಗೂ ಮನೆಯವರು ಅಷ್ಟು ಸಂತೋಷಪಟ್ಟಿರಲಿಲ್ಲ.

ಪ್ರಿಯ ಬಾಂಧವರೇ, ಹೊಸ ಗ್ರೈಂಡರ್ ಕೊಳ್ಳುವಾಗ ಹತ್ತು ಅಂಗಡಿ ಸುತ್ತಿ, ವಾರಂಟಿ ಓದಿ, ಸರ್ವೀಸ್ ಯಾರು ಮಾಡುತ್ತಾರೆ ಎಂದು ಕೇಳುತ್ತೇವೆ. ಮನುಷ್ಯನ ಚಿಕಿತ್ಸೆಗೆ ಹಣ ಕಟ್ಟುವಾಗಲೂ ಅಷ್ಟು ವಿಚಾರಿಸೋಣ. ನಿಮ್ಮ ಹೋಟೆಲಿನಲ್ಲಿ ಬೆಳಿಗ್ಗೆ ಕೈ ನಡುಗುವವರು ಯಾರಾದರೂ ಇದ್ದರೆ ಇಂದು ಆಣೆ ಮಾಡಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಾಫಿ ಕೊಟ್ಟು, "ಡಾಕ್ಟರ ಹತ್ತಿರ ಹೋಗೋಣ, ನಾವೂ ಬರ್ತೇವೆ" ಎಂದು ಹೇಳಿ.